ಒರೆಸುವ ಬಟ್ಟೆ ಹಿಡಿದು ಹತ್ತಿದ ಮೂರು ಮೆಟ್ಟಿಲು

ಮಿಸಿಸಿಪ್ಪಿ
ಅಕ್ಟೋಬರ್ ೧೯೭೯, ಭಾನುವಾರ

ಓಜೆಲಾ ದೊಡ್ಡಮ್ಮ,

ನಿನ್ನನ್ನು ಮಣ್ಣು ಮಾಡಿ ಇಂದಿಗೆ ಎಂಟು ದಿನ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಿದ್ದೆ ನೀನು. ಆಡುತ್ತೇನೆ. ಬದುಕಿರುವವರ ಬಗ್ಗೆ ಅಂಥ ಕಟ್ಟಳೆ ಏನೂ ಇಲ್ಲವಲ್ಲ. ನೆರೆಯವರು ತಂದಿಟ್ಟ ಕೋಳಿ, ಸಿಹಿಗೆಣಸಿನ ಪೈ ಎಲ್ಲ ಹಾಗೇ ಹಳಸಿಹೋಯಿತು. ನನಗೆ ಊಟ ಸೇರುತ್ತಿಲ್ಲ. ದುಃಖದಿಂದ ಅಂತ ಅಮ್ಮ ತಿಳಿದಿದ್ದಾಳೆ. ಅಲ್ಲ, ಹೇಸಿಗೆಯಿಂದ.

ಆಸ್ಪತ್ರೆಯಲ್ಲಿ ನೀನು ನನ್ನಿಂದ ಒಂದೇ ಮಾತು ತೆಗೆದುಕೊಂಡಿದ್ದೆ: "ವರ್ಡೆಲ್, ನೀನು ಬರೆಯೋಳು. ನನ್ನ ಹೆಸರನ್ನ ಯಾರ ಹೆಸರಿನ ಕೆಳಗೂ ಹಾಕೋಕೆ ಬಿಡಬೇಡ." ಅದಕ್ಕೆಂದೇ ಶವಸಂಸ್ಕಾರದಲ್ಲಿ ಹಂಚುವ ಹಾಳೆಗೆ ನಿನ್ನ ಬದುಕನ್ನು ಎರಡು ಪುಟ ಬರೆದುಕೊಟ್ಟೆ. ಅಚ್ಚಾಗಿ ಬಂದದ್ದು ಹನ್ನೊಂದು ಸಾಲು. ನೀನು ವಿನಯವಂತೆಯಂತೆ, ಒಳ್ಳೆಯ ಅಡುಗೆಯವಳಂತೆ, ಪಾಸ್ಟರ್ ಟಾಲಿವರ್ ನಡೆಸಿದ ಮತದಾರರ ಚಳವಳಿಗೆ ಕೈಜೋಡಿಸಿದವಳಂತೆ.

ಟಾಲಿವರ್ ನಡೆಸಿದ್ದು! ಅರವತ್ಮೂರರಲ್ಲಿ ನಾನು ಹದಿನಾರರ ಹುಡುಗಿ, ಎಲ್ಲ ಕಣ್ಣಾರೆ ಕಂಡಿದ್ದೇನೆ. ನಾವು ಕರಿಯರು ಮತದಾರರಾಗಬೇಕಾದರೆ ಸಂವಿಧಾನದ ಒಂದು ಕಲಮು ಓದಿ, ಬಿಳಿಯ ಗುಮಾಸ್ತನಿಗೆ ಒಪ್ಪುವಂತೆ ಅರ್ಥ ಬರೆಯಬೇಕಿತ್ತು. ಅದನ್ನು ಕಲಿಸಲು ನೀನು ಚರ್ಚಿನ ಕೋಣೆ ಕೇಳಿದೆ. ಬಿಳಿಯರು ಬೆಂಕಿ ಇಟ್ಟಾರು ಅಂತ ಟಾಲಿವರ್ ಬೀಗ ಜಡಿದ. ನೀನು ನಮ್ಮ ಅಡುಗೆಮನೆಯಲ್ಲಿ ಇಸ್ತ್ರಿ ಮಾಡುವ ಹಲಗೆಯ ಮೇಲೆ ಕಾಗದ ಹರಡಿ ಎಪ್ಪತ್ತಮೂರು ಜನಕ್ಕೆ ಕಲಿಸಿದೆ. ಮೊದಲ ಅರ್ಜಿ ನಿನ್ನದೇ. ಅರ್ಜಿ ಹಾಕಿದವರ ಹೆಸರನ್ನು ಪತ್ರಿಕೆಯಲ್ಲಿ ಹಾಕುತ್ತಿದ್ದರು, ಧಣಿಗಳಿಗೆ ಗೊತ್ತಾಗಲಿ ಅಂತ. ಆ ಬೆಳಿಗ್ಗೆ, ನೀನು ಅಡುಗೆಗಿದ್ದ ಬಿಳಿಯರ ಮನೆಯಲ್ಲಿ, ನಿನ್ನ ಹೆಸರಿದ್ದ ಪತ್ರಿಕೆಯನ್ನು ಧಣಿಯ ಮೊಟ್ಟೆಯ ತಟ್ಟೆಯ ಪಕ್ಕ ನೀನೇ ಮಡಿಸಿಟ್ಟು, ಅವರು ಓದಿ ಮುಗಿಸುವವರೆಗೂ ಕಾಫಿ ಪಾತ್ರೆ ಹಿಡಿದು ನಿಂತಿದ್ದೆ. ಹತ್ತು ಗಂಟೆಗೆ ಕೆಲಸ ಹೋಯಿತು.

ಆ ಮನೆಯ ಮಗಳು ಪ್ರಿಸಿಲ್ಲಾ ನಿನ್ನ ಶವಸಂಸ್ಕಾರಕ್ಕೆ ಬಂದಿದ್ದಳು. ಈಗ ನ್ಯೂಯಾರ್ಕಿನಲ್ಲಿ ಮಹಿಳಾ ಪತ್ರಿಕೆಯ ಸಂಪಾದಕಿ. ಬಿಳಿಯರು ಬಂದರೆ ನಮ್ಮ ಚರ್ಚಿನಲ್ಲಿ ಮುಂದಿನ ಸಾಲಿಗೆ ಕರೆದೊಯ್ಯುವುದು ಪದ್ಧತಿ. ಅವಳಿಗೆ ಜಾಗ ಮಾಡಲು ನಿನ್ನ ಒಡಹುಟ್ಟಿದ ತಂಗಿಯನ್ನು, ನನ್ನಮ್ಮನನ್ನು, ಒಂದು ಸಾಲು ಹಿಂದಕ್ಕೆ ಕೂರಿಸಿದರು. ಅಮ್ಮ ಕೈಚೀಲ ಎತ್ತಿಕೊಂಡು ಎದ್ದಳು. ಕಳೆದ ವರ್ಷ ಪ್ರಿಸಿಲ್ಲಾ ನನ್ನಿಂದ ಲೇಖನ ಕೇಳಿದ್ದಳು, ನಮ್ಮ ಗಂಡಸರು ನಮ್ಮನ್ನು ಹೇಗೆ ಹೊಡೆಯುತ್ತಾರೆ ಎಂಬ ಬಗ್ಗೆ. ಅದನ್ನೂ ಬರೆದೆ. ಜೊತೆಗೆ, ಹೆಣ್ಣಿನ ಬಿಡುಗಡೆಯ ಭಾಷಣಕ್ಕೆ ಹೊರಟ ಬಿಳಿಯ ಹೆಂಗಸರ ರವಿಕೆಗೆ ಇಸ್ತ್ರಿ ಹಾಕಿದವರು ಯಾರು ಅಂತಲೂ ಬರೆದೆ. ಎರಡನೆಯದು ಹೆಂಗಸರ ಒಗ್ಗಟ್ಟು ಒಡೆಯುತ್ತದೆಂದು ವಾಪಸು ಕಳಿಸಿದಳು.

ಚರ್ಚಿನಲ್ಲಿ ನನ್ನನ್ನು ಅಪ್ಪಿಕೊಂಡು ಅತ್ತಳು ಮಾರಾಯತಿ. "ಹೆಣ್ಣಾಗಿ ತಲೆ ಎತ್ತಿ ನಿಲ್ಲೋದನ್ನ ನಾನು ಕಲಿತಿದ್ದೇ ನಮ್ಮ ಓಜೆಲಾ ಹತ್ರ" ಅಂದಳು. ಓಜೆಲಾ ಏನು, ಮನೆತನದ ಹೆಸರೇನು ಅಂತ ಕೇಳಿದೆ. ಕೈಯಲ್ಲಿದ್ದ ಹಾಳೆ ನೋಡಿ ಹೇಳಿದಳು.

ಪ್ರಿಸಿಲ್ಲಾ ಮನೆಯವರಿಗೆ ನಿನ್ನ ಕೈ ಬೇಕಿತ್ತು, ಟಾಲಿವರನಿಗೆ ಮನೆಮನೆ ತಿರುಗುವ ನಿನ್ನ ಕಾಲು ಬೇಕಿತ್ತು. ನಿನ್ನ ಬಾಯಿ ಮಾತ್ರ ಇಬ್ಬರಿಗೂ ಬೇಡ. ಹತ್ತು ವರ್ಷದಿಂದ ಇದನ್ನೇ ಬರೆದು ಎರಡೂ ಕಡೆಯಿಂದ ಉಗಿಸಿಕೊಂಡಿದ್ದೇನೆ. ನಮ್ಮವರು ನನ್ನನ್ನು ಮನೆಮುರುಕಿ ಅನ್ನುತ್ತಾರೆ, ಅವರು ಸಿಡುಕಿ ಅನ್ನುತ್ತಾರೆ.

ಟಾಲಿವರ್ ಈ ಸಲ ಶಾಸನಸಭೆಗೆ ನಿಂತಿದ್ದಾನೆ. ನಿನ್ನ ಶವಪೆಟ್ಟಿಗೆಯ ಮುಂದೆ ಮೂವರು ರಾಜಕಾರಣಿಗಳು ಮಾತಾಡಿದರು. ಹೊತ್ತಾಯಿತೆಂದು, ಮನೆಯವರಿಗೆ ಕೊಟ್ಟಿದ್ದ ಎರಡು ನಿಮಿಷವನ್ನು ತೆಗೆದುಹಾಕಿದರು. ಅದೂ ಕೆಳಗೆ ನೆಲದ ಮೇಲೆ ನಿಂತು ಆಡಬೇಕಿದ್ದ ಎರಡು ನಿಮಿಷ. ವೇದಿಕೆಯ ಮೂರು ಮೆಟ್ಟಿಲನ್ನು ಹೆಂಗಸು ಹತ್ತುವಂತಿಲ್ಲವಲ್ಲ. ನ್ಯೂಯಾರ್ಕಿನಲ್ಲಿ ಹುಲಿಯಂತೆ ಗರ್ಜಿಸುವ ನಾನು ಇಲ್ಲಿ ಬೆಕ್ಕಾಗಿ ಕೂತೆ. ಹೇಸಿಗೆಯಲ್ಲಿ ನನ್ನ ಪಾಲೂ ಉಂಟು.

ನಿನಗೆ ನೆನಪಿರಬೇಕು, ಶನಿವಾರಗಳಂದು ಆ ಮೆಟ್ಟಿಲುಗಳನ್ನು ನೀನು ಮೊಣಕಾಲೂರಿ ಉಜ್ಜುತ್ತಿದ್ದೆ, ನಾನು ಪಾಸ್ಟರನ ಕುರ್ಚಿ ಒರೆಸುತ್ತಿದ್ದೆ. ಒಮ್ಮೆ ನಾನು ಬೈಬಲ್ ಪೀಠದ ಹಿಂದೆ ನಿಂತು ಪಾಸ್ಟರನ ಹಾಗೆ ಪ್ರಸಂಗ ಶುರು ಮಾಡಿದ್ದಕ್ಕೆ ನೀನು ಕಿವಿ ಹಿಡಿದು ಇಳಿಸಿದ್ದೆ. "ಒರೆಸೋಕೆ ಹತ್ತಬಹುದು ಮಗಳೇ, ಮಾತಾಡೋಕೆ ಅಲ್ಲ" ಅಂದು ನಕ್ಕಿದ್ದೆ. ಯಾರನ್ನು ಕಂಡು ನಕ್ಕೆಯೆಂದು ಆಗ ನನಗೆ ತಿಳಿದಿರಲಿಲ್ಲ.

ನಿನ್ನ ಸಂಸ್ಕಾರದ ದಿನ ಟಾಲಿವರ್ ಮಾತಿನ ಆವೇಶದಲ್ಲಿ ಕೈ ಬೀಸಿ ನೀರಿನ ಲೋಟ ಉರುಳಿಸಿದ. ನೀರು ಮೆಟ್ಟಿಲವರೆಗೆ ಹರಿಯಿತು. ಸಭಾಹಿರಿಯ ಹೋಸಿಯಾ ಗಂಡಸರ ಕಡೆ ತಿರುಗಿಯೂ ನೋಡದೆ ನಮ್ಮ ಸಾಲಿನತ್ತ ಬೆರಳಾಡಿಸಿದ: "ಯಾರಾದ್ರೂ ಬಂದು ಒರೆಸ್ರಮ್ಮ." ನಾನು ಎದ್ದೆ. ಪಕ್ಕದ ಬಾಗಿಲ ಬಳಿಯ ಬೀರುವಿನಲ್ಲಿ ನಿನ್ನ ಒರೆಸುವ ಬಟ್ಟೆ, ನೀನು ಮಡಿಸಿಟ್ಟ ಹಾಗೆಯೇ ಇತ್ತು. ಒಂದು ಮೆಟ್ಟಿಲು ಒರೆಸಿದೆ, ಎರಡು, ಮೂರು. ಪೀಠದ ಬುಡವನ್ನೂ ಒರೆಸಿದೆ. ಟಾಲಿವರ್ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಆಮೇಲೆ ನಾನು ಇಳಿಯಲಿಲ್ಲ.

"ಇವಳ ಹೆಸರು ಓಜೆಲಾ ಮೇ ಪೆಟಿಗ್ರೂ" ಅಂದೆ. ಬೀಗದ ವಿಷಯ ಹೇಳಿದೆ, ಪತ್ರಿಕೆಯ ವಿಷಯ ಹೇಳಿದೆ. ಇಸ್ತ್ರಿ ಹಲಗೆಯ ಮೇಲೆ ಕಲಿತವರು ಎದ್ದು ನಿಲ್ಲಿ ಅಂದೆ. ಟಾಲಿವರ್ ಆರ್ಗನ್ ಕಡೆ ಕೈಮಾಡಿದ. ಯಾರ ಮಾತಾದರೂ ಉದ್ದವಾದರೆ ಆರ್ಗನ್ ನುಡಿಸಿ ಮುಳುಗಿಸುವುದು ನಮ್ಮ ರೂಢಿ. ಆರ್ಗನ್ ನುಡಿಸುವ ಪರ್ಲೀನ್ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿ ನೋಡುತ್ತ ಕೂತಳು. ಹತ್ತೊಂಬತ್ತು ಜನ ಎದ್ದರು. ತನ್ನ ಹೆಸರು ಬರೆಯುವುದನ್ನು ನಿನ್ನ ಕೈಕೆಳಗೆ ಕಲಿತ ಹೋಸಿಯಾ ತನ್ನ ಬೂಟು ನೋಡಿಕೊಂಡ.

ಜಗತ್ತು ಬದಲಾಯಿತು ಅಂದುಕೊಳ್ಳಬೇಡ. ಎದ್ದು ನಿಂತವರೂ ಮುಂದಿನ ತಿಂಗಳು ಟಾಲಿವರನಿಗೇ ಮತ ಹಾಕುತ್ತಾರೆ, ಎದುರು ನಿಂತಿರುವವನು ಇನ್ನೂ ಕೆಟ್ಟವನು. ಪರ್ಲೀನಳಿಗೆ ಇನ್ನು ಆರ್ಗನ್ ನುಡಿಸಲು ಬರಬೇಡ ಅಂದಿದ್ದಾರೆ. ಇದನ್ನು ಬರೆದುಕೊಡು, ಚೆನ್ನಾಗಿದೆ ಅಂತ ಪ್ರಿಸಿಲ್ಲಾ ಫೋನು ಮಾಡಿದ್ದಳು. ಮುಂದಿನ ಸಾಲಿನ ವಿಷಯವೂ ಇರುತ್ತದೆ ಅಂದೆ, ಯೋಚಿಸುತ್ತೇನೆ ಅಂದಳು.

ಇವತ್ತು ಬೆಳಿಗ್ಗೆ ಚರ್ಚಿಗೆ ಹೋದೆವು. ಮೆಟ್ಟಿಲ ಮೇಲೆ ಎಂಟು ದಿನದ ಧೂಳು, ಬೂಟಿನ ಗುರುತು. ಹೋಸಿಯಾ ಅಮ್ಮನ ಹತ್ತಿರ ಬಂದು ಹಲ್ಲುಗಿಂಜಿದ, ಓಜೆಲಾಳ ಶನಿವಾರದ ಸೇವೆಯನ್ನು ನೀವೇ ವಹಿಸಿಕೊಳ್ಳಬೇಕು ಅಂದ. ಹುಟ್ಟಿದಂದಿನಿಂದ ಯಾರಿಗೂ ಎದುರಾಡದ ನಿನ್ನ ತಂಗಿ ಟೋಪಿ ಸರಿಮಾಡಿಕೊಂಡು ಹೇಳಿದಳು:

"ಮೇಲೆ ನಿಂತು ಮಾತಾಡೋರೇ ಒರೆಸ್ಕೊಳ್ಳಲಿ ಬಿಡಿ."

ಬಟ್ಟೆ ನಮ್ಮ ಮನೆಯಲ್ಲಿದೆ, ಒಗೆದು ಒಣಹಾಕಿದ್ದೇನೆ. ನಿನ್ನ ಮೊಣಕಾಲುಗಳು ಇನ್ನು ಯಾರ ಮುಂದೆಯೂ ಬಾಗದಿರಲಿ ದೊಡ್ಡಮ್ಮ, ದೇವರ ಮನೆಯಲ್ಲೂ.

ನಿನ್ನಿಂದ ಕಿವಿ ಹಿಂಡಿಸಿಕೊಂಡವಳು,
ವರ್ಡೆಲ್