ನಮ್ಮ ಮನೆ ತಮ್ಮ ಕಚೇರಿಯ ಹಿಂದೆ ನಿಂತಿದೆ

ಮಾನ್ಯ ತಾಲ್ಲೂಕು ದಂಡಾಧಿಕಾರಿಗಳೇ,

ಹನ್ನೊಂದು ದಿನಗಳ ಹಿಂದೆ ತಾವು ನಮ್ಮ ಮನೆಯನ್ನು ಜಪ್ತಿ ಮಾಡಿದಿರಿ. ಅದೇ ಗಳಿಗೆಯಲ್ಲಿ ನನಗೂ ನಮ್ಮ ಅಮ್ಮಿಗೂ ಹದಿನಾಲ್ಕು ದಿನ ಮನೆಯಿಂದ ಹೊರಗೆ ಕಾಲಿಡಬಾರದೆಂದು ಆದೇಶ ಕೊಟ್ಟಿರಿ. ಈ ಎರಡು ಆದೇಶಗಳನ್ನು ಒಟ್ಟಿಗೆ ಪಾಲಿಸುವ ವಿಧಾನ ನಮಗೆ ಇವತ್ತಿನವರೆಗೂ ಹೊಳೆದಿಲ್ಲ. ಬರುವ ಗುರುವಾರ ಕೋವಿಡ್ ಕೇಂದ್ರದವರು ನಮ್ಮ ಅಬ್ಬಾನನ್ನು ಬಿಡುಗಡೆ ಮಾಡುತ್ತಾರಂತೆ. ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ತಮ್ಮ ಕಚೇರಿಗೆ ಎರಡು ಅರ್ಜಿ ಕಳಿಸಿದೆ, ಉತ್ತರವಿಲ್ಲ. ಹಾಗಾಗಿ ಈ ಪ್ರಶ್ನೆಯನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ತಾಲ್ಲೂಕಿನ ಹೆಸರು ಬರೆಯುವುದಿಲ್ಲ. ತಮಗೆ ಗೊತ್ತು, ನನಗೂ ಗೊತ್ತು.

ತಮ್ಮ ದಾಖಲೆಯಲ್ಲಿ ನಮ್ಮ ಮನೆ ‘ನೀಲಿ ಬಣ್ಣದ ಹಳೆಯ ಮಿನಿ ಬಸ್ಸು, ಒಂದು’. ಅದರ ಒಳಗೆ ಏನಿದೆ ಎಂದು ಬರೆಯಲು ತಮ್ಮ ಸಿಬ್ಬಂದಿಗೆ ಪುರುಸೊತ್ತು ಇರಲಿಲ್ಲ, ನಾನೇ ಬರೆಯುತ್ತೇನೆ. ಹಿಂಭಾಗದಲ್ಲಿ ಹತ್ತಿ ಹಿಂಜುವ ಯಂತ್ರ. ಮಧ್ಯದಲ್ಲಿ ಎರಡು ಹಲಗೆ ಮಂಚ, ಮೂರನೆಯವರಿಗೆ ನೆಲ. ಡ್ರೈವರ್ ಸೀಟಿನ ಹಿಂದೆ ಗ್ಯಾಸ್ ಒಲೆ, ನೀರಿನ ಡ್ರಮ್ಮು, ಅಮ್ಮಿಯ ಹೊಲಿಗೆ ಯಂತ್ರ. ಬಸ್ ಸ್ಟ್ಯಾಂಡುಗಳಲ್ಲಿ ಯಾರು ಯಾರೋ ಹಂಚಿದ ಕರಪತ್ರಗಳು ಒಂದು ಟ್ರಂಕಿನಲ್ಲಿ. ನಾನು ಪಿಯುಸಿ ಮುಗಿಸಿ ಮುಂದೆ ಓದಿದ್ದೆಲ್ಲ ಆ ಟ್ರಂಕಿನಲ್ಲೇ. ಬದುಕುವ ಹಕ್ಕು ಎಂಬ ಮಾತನ್ನು ಅಲ್ಲಿ ಓದಿದಾಗ ಅದಕ್ಕೆ ಡೋರ್ ನಂಬರ್ ಬೇಕು ಎಂದು ಯಾರೂ ಅಚ್ಚು ಮಾಡಿಸಿರಲಿಲ್ಲ.

ನಮ್ಮ ಅಬ್ಬಾ ಅತಾವುಲ್ಲಾ ಹಾಸಿಗೆ ಕೆಲಸದವರು. ನಾಗಮಂಗಲದ ಹಳ್ಳಿಗಳಿಂದ ಹಿಡಿದು ಕ್ಯಾತನಹಳ್ಳಿ, ಬೆಳಗೊಳದವರೆಗೆ ಅವರು ಹಿಂಜಿದ ಹತ್ತಿಯ ಮೇಲೆ ಮಲಗಿ ಮಕ್ಕಳು ದೊಡ್ಡವರಾಗಿದ್ದಾರೆ. ಕಳೆದ ವರ್ಷದ ಲಾಕ್‌ಡೌನ್‌ಗೆ ಮುಂಚೆ ನಮಗೂ ಶ್ರೀರಂಗಪಟ್ಟಣದಲ್ಲಿ ಒಂದು ಬಾಡಿಗೆ ಕೋಣೆ ಇತ್ತು. ಲಾಕ್‌ಡೌನ್ ಬಂದ ಕೂಡಲೇ ಮನೆಯ ಯಜಮಾನರು ಗೇಟಿನಾಚೆಯಿಂದಲೇ, “ನೀವು ಹತ್ತೂರು ಸುತ್ತಿ ಬರೋರು. ನಮ್ಮನೇಲಿ ವಯಸ್ಸಾದೋರವ್ರೆ. ಏನೂ ಅನ್ಕೋಬ್ಯಾಡಿ” ಅಂದರು. ಅಬ್ಬಾ ಏನೂ ಅಂದುಕೊಳ್ಳಲಿಲ್ಲ. ಪಾತ್ರೆಗಳನ್ನು ಬಸ್ಸಿಗೆ ತುಂಬಿದರು. ಅಂದಿನಿಂದ ಅದೇ ನಮ್ಮ ಮನೆ. ದೇಶವೆಲ್ಲ ಮನೆಯಲ್ಲಿ ಕೂತು ಬೇಸರ ಎಂದು ದೂರುತ್ತಿದ್ದ ದಿನಗಳಲ್ಲಿ ನಾವು ಮನೆಯನ್ನು ಎಲ್ಲಿ ನಿಲ್ಲಿಸುವುದು ಎಂದು ಊರೂರು ಕೇಳುತ್ತಿದ್ದೆವು.

ಕೊನೆಗೆ ಜಾಗ ಕೊಟ್ಟವರು ರೈತರಾದ ಕರಿಯಯ್ಯನವರು. ನಾಲೆಯ ಪಕ್ಕ ತಮ್ಮ ಕಬ್ಬಿನ ಗದ್ದೆಯ ಅಂಚು ತೋರಿಸಿ, ಬೋರ್‌ವೆಲ್ ನೀರು ಹಿಡಿದುಕೊಳ್ಳಿ ಎಂದರು. ಊರವರು ತಕರಾರು ತೆಗೆದಾಗ ಅವರು ಹೇಳಿದ್ದು ಇಷ್ಟು: “ಸುಮ್ಕಿರ್ರಲಾ. ಆವಯ್ಯನ್ ಮನ್ಗೆ ಚಕ್ರ ಅವೆ, ನಮ್ ಮನ್ಗಿಲ್ಲ. ಅಷ್ಟೇಯ ಯತ್ವಾಸ.” ಐಎಎಸ್, ಕೆಎಎಸ್ ಯಾವುದನ್ನೂ ಓದದ ಮನುಷ್ಯ ಒಂದೇ ಉಸಿರಿನಲ್ಲಿ ಅರ್ಥ ಮಾಡಿಕೊಂಡದ್ದು ತಮ್ಮ ಕಚೇರಿಗೆ ಹನ್ನೊಂದು ದಿನವಾದರೂ ಅರ್ಥವಾಗದಿರುವುದು ಹೇಗೆ?

ಕಾಯಿಲೆ ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲಾರೆ. ಕೆ.ಆರ್. ಪೇಟೆ ಕಡೆಯ ಒಂದು ಮನೆಯವರು ಹಾಸಿಗೆ ಬಿಚ್ಚಿ ಹೊಸದಾಗಿ ಹೊಲಿದುಕೊಡಲು ಹೇಳಿದ್ದರು. ಒಂದು ವಾರ ಕಳೆದ ಮೇಲೆ ಗೊತ್ತಾಯಿತು, ಅದರ ಮೇಲೆ ಜ್ವರದ ರೋಗಿ ಮಲಗಿದ್ದರು. ಹಾಸಿಗೆ ಬಿಚ್ಚುವವನು ಅದರ ಮೇಲೆ ಯಾರು ಮಲಗಿದ್ದರು ಎಂದು ಕೇಳಬಾರದು. ಇದು ನಮ್ಮ ಕಸುಬಿನ ಮರ್ಯಾದೆ. ಹಾಸಿಗೆಯೊಳಗೆ ಕಣ್ಣೀರಿನ ಕಲೆ, ಮಗುವಿನ ಉಚ್ಚೆ, ಬಾಣಂತಿಯ ರಕ್ತ ಎಲ್ಲವೂ ಇರುತ್ತವೆ. ಕಂಡದ್ದನ್ನು ಕಾಣದಂತೆ ಹಿಂಜಿ ಕೊಡಬೇಕು. ಅಬ್ಬಾ ಈ ಕಾಲದಲ್ಲೂ ಕೇಳಲಿಲ್ಲ. ನಾನು ಬೈದೆ. “ಪೂಛ್ನಾ ನಹೀ ಬೇಟಾ, ಕೇಳಿದ್ರೆ ಅವ್ರಿಗೆ ನಾಚ್ಕೆ ಆಯ್ತದೆ” ಅಂದರು, ಕೆಮ್ಮುತ್ತಲೇ.

ಆಶಾ ಕಾರ್ಯಕರ್ತೆ ಪ್ರಮೀಳಾ ಅವರು ಬಂದು ಪರೀಕ್ಷೆ ಮಾಡಿಸಿದರು. ಪಾಸಿಟಿವ್ ಬಂತು, ಮನೆಯಲ್ಲೇ ಇರಲು ಹೇಳಿದರು. ಫಾರಮ್ಮಿನಲ್ಲಿ ‘ಮನೆ ಸಂಖ್ಯೆ’ ಎಂಬಲ್ಲಿ ಪೆನ್ನು ನಿಂತಿತು. “ಏನ್ ಬರೀಲವ್ವ ಆತಿಯಾ?” ಎಂದು ಕೇಳಿ, ಇಳಿದು ಹೋಗಿ ಮುಂದಿನ ನಂಬರ್ ಪ್ಲೇಟು ನೋಡಿ ಬರೆದುಕೊಂಡು, ಹಿಂಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದರು. ಅಂದರೆ ಸರ್ಕಾರವೇ, ಸರ್ಕಾರದ ಗೋಂದಿನಿಂದಲೇ, ಇದು ಮನೆ ಎಂದು ಒಪ್ಪಿಕೊಂಡಿತ್ತು.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಮೇ ತಿಂಗಳ ಬಿಸಿಲು. ಹನ್ನೊಂದು ಗಂಟೆಗೆ ತಗಡಿನ ಚಾವಣಿ ಮುಟ್ಟಿದರೆ ಕೈ ಸುಡುತ್ತಿತ್ತು. ಕೆಳಗೆ ಅಬ್ಬಾ ನೂರಾಮೂರು ಜ್ವರದಲ್ಲಿ ಏದುಸಿರು ಬಿಡುತ್ತಿದ್ದರು. ನಲವತ್ತು ಹೆಜ್ಜೆ ಆಚೆ, ಅದೇ ಗದ್ದೆಯ ಅಂಚಿನಲ್ಲಿ, ಒಂದು ಹೊಂಗೆಮರವಿತ್ತು. ತಮ್ಮ ಮನೆಯಲ್ಲಿ ಒಂದು ಕೋಣೆ ಕಾದರೆ ತಾವು ಇನ್ನೊಂದು ಕೋಣೆಗೆ ಹೋಗುತ್ತೀರಿ. ನಮಗಿರುವುದು ಒಂದೇ ಕೋಣೆ, ಅದಕ್ಕೆ ಮನೆಯನ್ನೇ ನೆರಳಿಗೆ ಒಯ್ಯುತ್ತೇವೆ. ಒಪ್ಪಿಕೊಳ್ಳುತ್ತೇನೆ: ಚಾವಿ ತಿರುಗಿಸಿ ಮನೆ ಓಡಿಸಿದವಳು ನಾನೇ. ಯಾರೋ ನಾಲೆ ಏರಿಯ ಮೇಲಿಂದ ಅದನ್ನು ಮೊಬೈಲಿನಲ್ಲಿ ಹಿಡಿದು, “ಪಾಸಿಟಿವ್ ಬಂದೋರು ಗಾಡಿ ಓಡುಸ್ಕಂಡು ತಿರುಗ್ತಾವ್ರೆ” ಎಂದು ವಾಟ್ಸಾಪಿಗೆ ಬಿಟ್ಟರು. ನಲವತ್ತು ಹೆಜ್ಜೆ ಸಂಜೆಯ ಹೊತ್ತಿಗೆ ನಾಲ್ಕು ತಾಲ್ಲೂಕಾಯಿತು.

ತಾವು ಬಂದಿರಿ. ಅಬ್ಬಾನನ್ನು ಆಂಬುಲೆನ್ಸಿನಲ್ಲಿ ಕಳಿಸಿದಿರಿ. ಅದಕ್ಕೆ ನನ್ನ ಆಕ್ಷೇಪವಿಲ್ಲ, ಅಲ್ಲಿ ಆಮ್ಲಜನಕ ಸಿಕ್ಕಿತು, ಅವರು ಉಳಿದರು. ಆದರೆ ಬಸ್ಸಿನ ಚಾವಿ ಕೇಳಿದಾಗ ನಮ್ಮ ಅಮ್ಮಿ ಅಸ್ಗರಿ ಬೇಗಂ ಬಾಗಿಲಿಗೆ ಅಡ್ಡ ನಿಂತು, “ಸಾಹೇಬ್ರೆ, ಇದೇ ನಮ್ ಘರ್. ಇದ್ನ ತಗಂಡೋದ್ರೆ ನಾವ್ ಎಲ್ಲೋಗವ?” ಅಂದರು. ತಾವು ಆರು ಅಡಿ ದೂರದಿಂದ ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ: “ಇದು ಗಾಡಿ ಕಣಮ್ಮ. ಗಾಡಿ ರಸ್ತೆಗೆ ಬರಬಾರದು, ಜನ ಮನೆ ಬಿಡಬಾರದು. ಎರಡೂ ರೂಲ್ಸು.”

ಗಾಡಿ ರಸ್ತೆಗೆ ಬಂದಿರಲಿಲ್ಲ. ಅದನ್ನು ರಸ್ತೆಗೆ ತಂದವರು, ತಮ್ಮ ಕಚೇರಿಯ ಹಿಂದಿನವರೆಗೆ ಮೂವತ್ತು ಕಿಲೋಮೀಟರ್ ಓಡಿಸಿದವರು, ತಮ್ಮವರೇ.

ಈಗ ನಾವಿಬ್ಬರೂ ಕರಿಯಯ್ಯನವರ ಪಂಪ್‌ಸೆಟ್ ಶೆಡ್ಡಿನಲ್ಲಿದ್ದೇವೆ. ಮೋಟಾರ್ ಬಿಟ್ಟು ಮಿಕ್ಕ ಜಾಗದಲ್ಲಿ ಅಮ್ಮಿ ಮಲಗುತ್ತಾರೆ, ನಾನು ಗೋಡೆಗೊರಗಿ ಕೂರುತ್ತೇನೆ. ನೆಲ ಸದಾ ಒದ್ದೆ. ಅಬ್ಬಾನ ಶ್ವಾಸಕೋಶ ಸುಧಾರಿಸಲು ತಿಂಗಳು ಬೇಕು, ಒಣಗಿದ ಜಾಗದಲ್ಲಿ ಬೋರಲು ಮಲಗಿಸಿ ಎಂದು ಕೇಂದ್ರದ ವೈದ್ಯರು ಫೋನಿನಲ್ಲಿ ಹೇಳಿದ್ದಾರೆ. ಗಾಡಿ ಬಿಡಿಸಿಕೊಳ್ಳುವುದು ಹೇಗೆ ಎಂದು ತಮ್ಮ ಕಚೇರಿಗೆ ಫೋನ್ ಮಾಡಿದರೆ, “ಲಾಕ್‌ಡೌನ್ ಮುಗೀಲಿ, ಕೋರ್ಟ್ ತೆಗೀಲಿ, ಆಮೇಲ್ ನೋಡನ” ಎನ್ನುತ್ತಾರೆ. ಕಾಯಿಲೆಯವನ ಉಸಿರು ಕೋರ್ಟಿನ ರಜೆ ಮುಗಿಯುವವರೆಗೆ ಕಾಯುತ್ತದೆಯೇ? ವಾರದ ಹಿಂದೆ ಇದೇ ತಾಲ್ಲೂಕಿನಲ್ಲಿ ಓಡಾಡಿ ಸಿಕ್ಕಿಬಿದ್ದ ಕಾರುಗಳು ಯಾರದೋ ಒಂದು ಫೋನಿಗೆ ಮನೆ ಸೇರಿದ್ದನ್ನು ಜನ ನೋಡಿದ್ದಾರೆ. ಆ ಕಾರುಗಳ ಒಡೆಯರಿಗೆ ಮಲಗಲು ಬೇರೆ ಮನೆ ಇತ್ತು.

ನನ್ನ ಬೇಡಿಕೆ ಎರಡೇ. ಬುಧವಾರ ಸಂಜೆಯೊಳಗೆ ಬಸ್ಸನ್ನು ಕರಿಯಯ್ಯನವರ ಗದ್ದೆಯ ಅಂಚಿಗೆ, ಮರದ ನೆರಳಿಗೆ, ತಂದು ನಿಲ್ಲಿಸಿ. ಕೇಸನ್ನು ಬೇಕಾದರೆ ನನ್ನ ಮೇಲೆ ನಡೆಸಿ, ಕಟಕಟೆಯಲ್ಲಿ ನಿಂತು ಉತ್ತರ ಹೇಳುತ್ತೇನೆ. ಮತ್ತೆ, ನಮ್ಮ ಹಾಗೆ ಚಕ್ರದ ಮೇಲೆ ಬದುಕುವವರ ಗಾಡಿಯನ್ನು ಈ ಕಾಯಿಲೆ ಮುಗಿಯುವವರೆಗೆ ಮನೆಯೆಂದು ಪರಿಗಣಿಸಿ ಲಿಖಿತ ಆದೇಶ ಹೊರಡಿಸಿ.

ಬುಧವಾರ ಕಳೆದರೆ ನಾವು ತಮಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ತಮ್ಮ ಆದೇಶವನ್ನು ಅಕ್ಷರಶಃ ಪಾಲಿಸುತ್ತೇವೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಬ್ಬಾನನ್ನು ಕರೆದುಕೊಂಡು ತಮ್ಮ ಕಚೇರಿಯ ಹಿಂದಿನ ಆವರಣಕ್ಕೆ ಬರುತ್ತೇವೆ. ಜಪ್ತಿಯಾದ ನಮ್ಮ ಮನೆಯ ಬಾಗಿಲು ತೆಗೆದು, ಅವರನ್ನು ಹಲಗೆಯ ಮೇಲೆ ಮಲಗಿಸಿ, ಮಾಸ್ಕು ಹಾಕಿಕೊಂಡು, ಒಳಗೇ ಇರುತ್ತೇವೆ. ಯಾರು ಬಂದು ಎಳೆದರೂ ಹೊರಗೆ ಬರುವುದಿಲ್ಲ. ಮನೆ ಬಿಡಬಾರದು ಎಂದವರು ತಾವೇ. ಒಂದು ಚಾವಿ ತಮ್ಮ ಮೇಜಿನಲ್ಲಿದೆ, ಇನ್ನೊಂದು ಅಮ್ಮಿಯ ಸೊಂಟದಲ್ಲಿದೆ.

ಇಂತಿ,
ಗುರುವಾರದಿಂದ ತಮ್ಮ ನೆರೆಮನೆಯವಳಾಗಬೇಕಾಗಿ ಬಂದಿರುವ
ಆತಿಯಾ
(ಸದ್ಯದ ವಿಳಾಸ: ಪಂಪ್‌ಸೆಟ್ ಶೆಡ್ಡು, ಮೋಟಾರಿನ ಎಡಗಡೆ)