ಹಬ್ಬದ ಕುರಿಯ ಕಾಲುಸೂಪು

ಮಾನ್ಯ ಹಾಜಿ ದಸೂಕಿಯವರಿಗೆ,

ಶುಬ್ರಾ ಬಡಾವಣೆಯ ನಿಮ್ಮ ಮನೆಯ ನಾಲ್ಕನೇ ಮಹಡಿಯ ಬಾಡಿಗೆದಾರ ಬಯೂಮಿ, ಆಸ್ಪತ್ರೆಯ ಹಾಸಿಗೆಯಿಂದ ಬರೆಯುವುದು. ಐ ಬೆಗ್ ಟು ಸ್ಟೇಟ್, ಮುಂದಿನ ಇಂಗ್ಲಿಷ್ ಮರೆತಿದೆ. ತೊಡೆಯ ಮೂಳೆ ಮುರಿದಿದೆ, ಮೊಣಕಾಲಿನ ಚಿಪ್ಪು ಹೋಳಾಗಿದೆ.

ಹಬ್ಬದ ಕುರಿಯನ್ನು ಮೆಟ್ಟಿಲ ಮೇಲೆ ಕೊಯ್ಯಬೇಡಿ ಎಂದಾಗ ನೀವು, "ಕೆಳಗ್ ನೋಡ್ಕೊಂಡು ನಡೀರಿ ಮೇಷ್ಟ್ರೇ, ಅಷ್ಟೇ" ಎಂದಿರಿ. ನೋಡಿಕೊಂಡೇ ನಡೆದೆ, ಕೊಯ್ದ ಕುರಿಯ ಬಾಲದ ಕೊಬ್ಬಿನ ಮೇಲೆ ಜಾರಿದೆ. ನನ್ನ ಹೆಂಡತಿ ಇಹ್ಸಾನ್ ಇದ್ದಾಗ ಮೂಗು ಮುಚ್ಚಿಕೊಂಡು ಆ ಮೆಟ್ಟಿಲು ತಿಕ್ಕುತ್ತಿದ್ದಳು. ಅವಳು ಹೋದ ಮೇಲೆ ಯಾರೂ ತಿಕ್ಕಿಲ್ಲ.

ಡಾಕ್ಟರು ಇನ್ನು ಮೆಟ್ಟಿಲು ಹತ್ತಕೂಡದು ಎಂದಿದ್ದಾರೆ. ನೆಲಮಹಡಿಯ ಕೋಣೆ ಕೊಟ್ಟರೆ ಮನೆಗೆ ಬರುತ್ತೇನೆ, ಇಲ್ಲದಿದ್ದರೆ ವೃದ್ಧಾಶ್ರಮವೇ ಗತಿ. ಕೇಳಿದ್ದಕ್ಕೆ, ನನ್ನನ್ನು ನೋಡಲು ಇಲ್ಲಿಗೆ ಬಂದ ನಿಮ್ಮ ಮನೆಯವರು, "ಅಲ್ಲಿ ಕುರಿ ಚರ್ಮ ಒಣಗ್ತಿದೆ ಮೇಷ್ಟ್ರೇ. ಮೊದ್ಲು ಇದು ಕುಡೀರಿ, ಮೂಳೆ ಕೂಡುತ್ತೆ" ಎಂದು ಕಾಲುಸೂಪು ಇಟ್ಟರು. ಯಾವ ಕುರಿಯದು ಎಂದೆ.

"ಇನ್ಯಾವ್ದು, ನೀವು ಜಾರಿದ್ರಲ್ಲ, ಅದೇ."

ಮುಚ್ಚಳ ತೆಗೆಯದೆ ಪಾತ್ರೆ ವಾಪಸು ಕಳಿಸಿದ್ದೇನೆ. ಚರ್ಮ ತೆಗೆಸಿ, ಕೋಣೆ ತೊಳೆಸಿ. ಸೂಪನ್ನು ಮೇಲೆ ನಿಮ್ಮ ಮನೆಗೆ ಒಯ್ಯುವಾಗ ಮಾತ್ರ ಮೆಟ್ಟಿಲ ಮೇಲೆ ಚೆಲ್ಲಬೇಡಿ.

ಸದ್ಯಕ್ಕೆ 'ಯುವರ್ಸ್' ಎಂದಷ್ಟೇ ಬರೆಯುತ್ತೇನೆ. 'ಫೇತ್‌ಫುಲಿ' ಕೋಣೆ ತೊಳೆದ ಮೇಲೆ.

ಬಯೂಮಿ