ಸಾಕ್ಷಿ ಪಂಜರದಲ್ಲಿ ಕಾಟ್ಲಾ ಬದುಕಿತು

ಹುಲಿಗೆವ್ವನ ನೂರ ತೊಂಬತ್ತನೆಯ ಬೇಸಿಗೆ. ಮಧ್ಯಾಹ್ನ ಕೆರೆಯ ನೀರು ಇಪ್ಪತ್ತೊಂಬತ್ತು ಡಿಗ್ರಿ. ನಿನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನವನ್ನು ಹುಡುಕಬೇಡ, ನಾವು ವರ್ಷ ಎಣಿಸುವುದು ನಿನ್ನ ಹೆಸರಿನಲ್ಲೇ.

ಅಜ್ಜಿ,

ನಾನು ತಾಯವ್ವ, ಏಳು ತಲೆಮಾರಿನ ಆಚೆಯ ನಿನ್ನ ಮೊಮ್ಮಗಳು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸು. ಏಕವಚನಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯನ್ನು ನೀವು ಎಂದರೆ ಮುನಿಸಿಕೊಂಡಿದ್ದೇವೆ ಎಂದೇ ಅರ್ಥ. ನಾನು ಮುನಿದಿಲ್ಲ. ಉಪಕಾರ ನೆನೆಯಲು ಬರೆಯುತ್ತಿದ್ದೇನೆ.

ನಿನ್ನ ಕಾಲದಲ್ಲಿ ಮೂರು ಬೇಸಿಗೆ ಕೆರೆ ಕಾದು, ಸಾಕಿದ ಕಾಟ್ಲಾ ಮೀನು ಹೊಟ್ಟೆ ಮೇಲಾಗಿ ತೇಲಿತು. ಹಣೆಬರಹ ಎಂದುಕೊಂಡು ಊರವರು ಮತ್ತೆ ಕಾಟ್ಲಾ ಮರಿಗಳನ್ನೇ ತಂದು ಬಿಟ್ಟರು. ನೀನೊಬ್ಬಳು ಬಿದಿರಿನ ಪಂಜರ ಹೆಣೆದು, ಅದರ ಒಂದೊಂದು ಕೋಣೆಗೆ ಒಂದೊಂದು ಜಾತಿಯ ಹತ್ತು ಮರಿ ಹಾಕಿ, ಬೇಸಿಗೆಯುದ್ದಕ್ಕೂ ನೀರಿನಲ್ಲಿಟ್ಟೆ. ಮೇಲೆ ಬಂದು ಗಾಳಿ ಕುಡಿಯುವ ಕೊರವ ಮೀನು ಮಾತ್ರ ಉಳಿಯಿತು. ನಕ್ಕವರಿಗೆ ನೀನು ಹೇಳಿದ್ದನ್ನು ನಿನ್ನ ನೋಟ್‌ಬುಕ್ಕಿನಲ್ಲೇ ಓದಿದ್ದೇನೆ: "ನನ್ನ ಮಾತು ಕೇಳಬ್ಯಾಡ್ರಿ, ಪಂಜರ ನೋಡ್ರಿ."

ಅಂದಿನಿಂದ ನಾವು ಉಂಡದ್ದು ಕೊರವ. ನಮ್ಮಲ್ಲಿ ಬಾಣಂತಿಗೆ ಮೊದಲ ತುತ್ತು ಅದರದೇ ಸಾರು. ಕೆರೆಯ ಮೇಲೆ ನೆರಳುಬಲೆ ಹಾಸಿದ್ದೇವೆ. ಬಿಸಿಲು ತಡೆಯುವ ಆ ಹೊದಿಕೆಯನ್ನು ಮನೆಗೊಬ್ಬರು ಬಂದು ಹೊಲಿಯುತ್ತಾರೆ. ನಾನು ಊರಿನ ನೀರಾಳು, ಅಂದರೆ ದಿನಕ್ಕೆ ಎರಡು ಸಲ ನೀರಿನ ಬಿಸಿ ಅಳೆದು ಬರೆಯುವವಳು. ನಿನ್ನ ಪಂಜರಕ್ಕೆ ಸಾಕ್ಷಿ ಪಂಜರ ಎಂದು ಹೆಸರಿಟ್ಟಿದ್ದೇವೆ. ಪ್ರತಿ ವರ್ಷ ಅರಿಶಿನ ಹಚ್ಚಿ, ಹಾಡು ಹೇಳಿ ಅದನ್ನು ನೀರಿಗಿಳಿಸುತ್ತೇವೆ.

ಈಗ ನಮ್ಮ ತಪ್ಪನ್ನು ಹೇಳಬೇಕು, ನಾಚಿಕೆಯಾಗುತ್ತದೆ. ನಿನ್ನ ಮೇಲಿನ ಭಕ್ತಿಯಿಂದ ನಾವು ಪಂಜರಕ್ಕೆ ಕೊರವವನ್ನಷ್ಟೇ ಹಾಕುತ್ತಾ ಬಂದೆವು. ಒಂದೇ ಜಾತಿ ಹಾಕಿದ ಪಂಜರ ಏನು ಸಾಕ್ಷಿ ಹೇಳೀತು? ಸುತ್ತಲಿನ ಗುಡ್ಡಗಳಲ್ಲಿ ನೆಟ್ಟ ಕಾಡು ಬೆಳೆದು, ಕೆರೆ ಆಳವಾಗಿ, ಚಳಿಗಾಲ ಮರಳಿ ಬಂದಿದೆ. ಮೂರು ವರ್ಷದಿಂದ ಕೊರವ ಚಳಿಗೆ ಮೇವು ಮುಟ್ಟದೆ ಸೊರಗುತ್ತಿದೆ. ಇನ್ನೊಂದು ವರ್ಷ ಹೀಗೇ ಆದರೆ ನಮ್ಮ ಮೂರು ಕೇರಿಯ ತಟ್ಟೆಗೆ ಮೀನಿಲ್ಲ.

ಹೋದ ಚಳಿಗಾಲದ ಮೊದಲೇ ನಾನು ಪಂಜರದಲ್ಲಿ ನಡುವೆ ಬಲೆ ಕಟ್ಟಿ, ಒಂದು ಕಡೆ ಕೊರವ, ಇನ್ನೊಂದು ಕಡೆ ದೂರದ ಹೊಳೆಯಿಂದ ತರಿಸಿದ ಹತ್ತು ಕಾಟ್ಲಾ ಮರಿಗಳನ್ನು ಬಿಟ್ಟೆ. ಚಳಿ ಕಳೆಯಿತು, ಬೇಸಿಗೆಯೂ ಮುಗಿಯುತ್ತಾ ಬಂತು. ಇಂದು ಎತ್ತಿದಾಗ ಕೊರವ ಸೊರಗಿತ್ತು, ಹತ್ತೂ ಕಾಟ್ಲಾ ಅಂಗೈಗಿಂತ ಅಗಲವಾಗಿದ್ದವು.

ಆದರೆ ಕೊರವ ಇರುವ ನೀರಿನಲ್ಲಿ ಕಾಟ್ಲಾ ಮರಿ ಉಳಿಯುವುದಿಲ್ಲ, ಕೊರವ ಅದನ್ನು ನುಂಗಿಬಿಡುತ್ತದೆ. ಒಂದನ್ನು ಬಿಡಬೇಕಾದರೆ ಇನ್ನೊಂದನ್ನು ತೆಗೆಯಲೇಬೇಕು. ಕೆರೆಯ ಹಿರಿಯ ಯಂಕೋಬಣ್ಣ ಕೆಂಡವಾದ. "ಅಜ್ಜಿ ಬಿಟ್ಟ ಮೀನು ತಗಿಯಾಕ ನೀ ಯಾರವ್ವ?" ಎಂದ. ನಾನು ನಿನ್ನ ಆ ಒಂದು ಸಾಲನ್ನು ಓದಿ, ಪಂಜರವನ್ನು ಅವನ ಮುಂದಿಟ್ಟೆ. ಅವನು ಬಹಳ ಹೊತ್ತು ನೋಡಿದ, ಕಣ್ಣೊರೆಸಿಕೊಂಡ. ಆಮೇಲೆ, "ಇದನ್ನ ಹೆಂಗ ಅಡಗಿ ಮಾಡ್ತಾರ?" ಎಂದು ಕೇಳಿದ.

ಯಾರಿಗೂ ಗೊತ್ತಿರಲಿಲ್ಲ, ಅಜ್ಜಿ. ಕಾಟ್ಲಾದ ರುಚಿ ಕಂಡವರು ನಮ್ಮಲ್ಲಿ ಒಬ್ಬರೂ ಇಲ್ಲ. ನಮಗಾಗಿ ನೀನು ಬಿಟ್ಟುಕೊಟ್ಟದ್ದು ಎಷ್ಟೆಂದು ನನಗೆ ಆಗ ತಿಳಿಯಿತು.

ನಾಳೆ ಕೊರವಕ್ಕೆ ಬಲೆ ಬೀಸುತ್ತೇವೆ. ನಿನ್ನಲ್ಲಿ ಒಂದೇ ಕೋರಿಕೆ. ನಿನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕಾಟ್ಲಾ ಸಾರು ಮಾಡುವ ಬಗೆ ಬರೆದಿಡು, ಹುಣಸೆಹುಳಿ ಯಾವಾಗ ಹಾಕಬೇಕೆಂದೂ ಬರೆ. ಇವತ್ತಿನವರೆಗೆ ಆ ಹಾಳೆ ಖಾಲಿಯಿದೆ. ನಾಳೆ ಬೆಳಗ್ಗೆ ಒಲೆ ಹಚ್ಚಿ, ಮತ್ತೊಮ್ಮೆ ತೆಗೆದು ನೋಡುತ್ತೇನೆ.

ನಿನ್ನ ಮೊಮ್ಮಗಳು,
ತಾಯವ್ವ